ಹಾಡುವವರ ನೆನಪು

ಹಳ್ಳಿಯ ಹಾಡುಗಾರರ ನೆನಪಿನ ಶಕ್ತಿಯನ್ನು ಕುರಿತು ಪಟ್ಟಣದ ನಾವು ಆಡುವ ಮಾತು ಹೆಚ್ಚುಕಡಮೆ ಒಂದೇ ಬಗೆಯದು. “ಅಕ್ಷರ ಕಲಿತವಳಲ್ಲ, ರಾತ್ರಿಯೆಲ್ಲ ಹಾಡುತ್ತಾಳೆ, ಒಂದು ಮಾತು ತಪ್ಪುವುದಿಲ್ಲ, ಗ್ರಾಮಫೋನ್ ತಟ್ಟೆಯೇ ಸರಿ!” ಎನ್ನುತ್ತೇವೆ. ಮೆಚ್ಚುಗೆಯೇನೋ ಪ್ರಾಮಾಣಿಕವಾದದ್ದೆ. ಹೋಲಿಕೆ ಮಾತ್ರ ಸರಿಯಾದದ್ದಲ್ಲ. ತಟ್ಟೆಗೆ ಒಂದೇ ಹಾಡು ಗೊತ್ತು, ಒಂದೇ ವೇಗ ಗೊತ್ತು. ಕೇಳುವವರು ಆಕಳಿಸಿದರೆ ಅದು ಕಥೆಯನ್ನು ಮೊಟಕು ಮಾಡಲಾರದು. ಅವರು ಕಣ್ಣೀರಿಟ್ಟರೆ ಇನ್ನೆರಡು ಸಾಲು ಸೇರಿಸಲಾರದು. ಹಾಡುವವರ ನೆನಪು ಇದೆಲ್ಲವನ್ನೂ ಮಾಡುತ್ತದೆ. ಹಾಗಾದರೆ ಅದು ಎಂಥ ನೆನಪು? ಅದು ಹೇಗೆ ಬರುತ್ತದೆ? ಎಲ್ಲಿ ಕೂತಿರುತ್ತದೆ? ಈ ಹೊತ್ತು ಅದನ್ನು ಕುರಿತು ನಾಲ್ಕು ಮಾತು.

ನಮ್ಮ ನಾಡಿನ ಒಂದು ಉದಾಹರಣೆಯಿಂದಲೇ ಹೊರಡೋಣ. ದಕ್ಷಿಣ ಕನ್ನಡದ ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ತುಳುವಿನ ಸಿರಿ ಕಾವ್ಯವನ್ನು ಹಾಡಬಲ್ಲವರೆಂದು ವಿದ್ವಾಂಸರ ಬಳಗದಲ್ಲಿ ಹೆಸರಾದವರು. 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ತಮ್ಮ ಪತ್ನಿಯೊಡನೆ ಬಂದು, ನಮ್ಮವರೇ ಆದ ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ಜೊತೆಗೂಡಿ, ನಾಯ್ಕರು ಹಾಡಿದ ಸಿರಿಯ ಕಥೆಯನ್ನು ಹಲವು ದಿನ ಕೂತು ಧ್ವನಿಮುದ್ರಿಸಿಕೊಂಡರು. ಎಣಿಸಿ ನೋಡಿದಾಗ 15,683 ಸಾಲು! ಗ್ರೀಕರ ಇಲಿಯಡ್ ಮಹಾಕಾವ್ಯದ ಗಾತ್ರವೂ ಸುಮಾರು ಇಷ್ಟೇ. ಈ ಕಾವ್ಯ 1998ರಲ್ಲಿ ಹೆಲ್ಸಿಂಕಿಯಲ್ಲಿ ದಪ್ಪ ಸಂಪುಟಗಳಾಗಿ ಅಚ್ಚಾಯಿತು.

ಇದರಲ್ಲಿ ಒಂದು ಸೋಜಿಗವುಂಟು. ಸಿರಿಯ ಜಾತ್ರೆಯಲ್ಲಿ ಈ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಯಾರೂ ಒಂದೇ ಪಟ್ಟಿಗೆ ಹಾಡುವುದಿಲ್ಲ. ಮೈದುಂಬಿದ ಹೆಂಗಸರೂ ಕುಮಾರನ ಪಾತ್ರ ವಹಿಸಿದವರೂ ಅದರ ತುಂಡುಗಳನ್ನು ಹಾಡುತ್ತ, ಮಾತನಾಡುತ್ತ ಹೋಗುತ್ತಾರೆ. ಗದ್ದೆಯ ಕೆಲಸದಲ್ಲಿ ಇನ್ನಷ್ಟು ತುಂಡುಗಳು ಬರುತ್ತವೆ. ಹೀಗೆ ಹಾಡಿನ ಪೂರ್ಣರೂಪ ಯಾರ ಕಿವಿಗೂ ಒಮ್ಮೆಗೇ ಬಿದ್ದದ್ದಲ್ಲ. ಹಾಡುವವರ ಮನಸ್ಸಿನಲ್ಲಿ ಮಾತ್ರ ಅದು ಇಡಿಯಾಗಿ ಇತ್ತು. ಹೊಂಕೊ ಅವರು ಇದಕ್ಕೆ ‘ಮನಸ್ಸಿನೊಳಗಿನ ಪಠ್ಯ’ ಎಂಬರ್ಥದ ಹೆಸರು ಕೊಟ್ಟರು. ಪಠ್ಯವೆಂದರೆ ಅಚ್ಚುಕಟ್ಟಾಗಿ ಬರೆದಿಟ್ಟ ಮಾತುಗಳ ಸಾಲು ಎಂದು ತಿಳಿಯಬಾರದು. ಕಥೆಯ ನಡೆ, ಪಾತ್ರಗಳು, ಊರುಕೇರಿಯ ಚಿತ್ರಗಳು, ಮತ್ತೆ ಮತ್ತೆ ಬರುವ ವರ್ಣನೆಗಳು, ರಾಗ, ಎಲ್ಲಿ ಹಿಗ್ಗಿಸಬೇಕು ಎಲ್ಲಿ ಕುಗ್ಗಿಸಬೇಕು ಎಂಬ ತಿಳಿವು, ಇವೆಲ್ಲ ಕೂಡಿದ ಒಂದು ಸಿದ್ಧತೆ ಅದು.

ರೇಡಿಯೋ ಕೇಳುವವರಿಗೆ ಸಲ್ಲುವ ಇನ್ನೊಂದು ಸಂಗತಿಯನ್ನೂ ಹೊಂಕೊ ಬರೆದಿದ್ದಾರೆ. ಇದೇ ನಾಯ್ಕರು ಮಂಗಳೂರು ಆಕಾಶವಾಣಿಗಾಗಿ ಕೋಟಿ ಚೆನ್ನಯರ ಕಥೆಯನ್ನು 20 ನಿಮಿಷದಲ್ಲಿ ಹಾಡಿ ಮುಗಿಸಿದ್ದರಂತೆ. ಹೊತ್ತಿನ ಕಟ್ಟಿಲ್ಲದೆ ಅದೇ ಕಥೆಯನ್ನು ಹಾಡಿರೆಂದು ಸಂಗ್ರಾಹಕರು ಕೇಳಿಕೊಂಡಾಗ ಅದು ಸುಮಾರು 15 ಗಂಟೆ ನಡೆಯಿತು, ಸಾಲುಗಳು 7,000ದಷ್ಟಾದವು. ಕಥೆ ಅದೇ, ಹಾಡಿದವರೂ ಅವರೇ. ನನಗೂ ಈ ಭಾಷಣಕ್ಕೆ ಗಡಿಯಾರ ನೋಡಿಯೇ ಹೊತ್ತು ಕೊಟ್ಟಿದ್ದಾರೆ. ಆದರೆ ಹದಿನೈದು ಗಂಟೆ ಕೊಟ್ಟಿದ್ದರೆ ನಾನು ಏನು ಮಾಡುತ್ತಿದ್ದೆನೋ! ಬಾಯಿಪಾಠ ಮಾಡಿದವನು ಹೀಗೆ ಹಿಗ್ಗಲಾರ, ಹೀಗೆ ಕುಗ್ಗಲಾರ. ಶಾಲೆಯಲ್ಲಿ ಪದ್ಯ ಒಪ್ಪಿಸುವ ಹುಡುಗನನ್ನು ನಡುವೆ ನಿಲ್ಲಿಸಿ “ಇದನ್ನೇ ಅರ್ಧಕ್ಕೆ ಇಳಿಸಿ ಹೇಳು” ಎಂದು ನೋಡಿ. ಮತ್ತೆ ಮೊದಲ ಸಾಲಿಗೇ ಓಡುತ್ತಾನೆ ಪಾಪ.

ಈ ವಿಷಯವನ್ನು ಮೊದಲು ಪಟ್ಟು ಹಿಡಿದು ಪರೀಕ್ಷಿಸಿದವರು ಅಮೆರಿಕದ ಮಿಲ್ಮನ್ ಪ್ಯಾರಿ. ಹಾರ್ವರ್ಡಿನಲ್ಲಿ ಗ್ರೀಕ್ ಕಲಿಸುತ್ತಿದ್ದವರು. ಬರೆಹವಿಲ್ಲದ ಕಾಲದಲ್ಲಿ ಹೋಮರನ ಕಾವ್ಯಗಳಂಥ ಕಾವ್ಯಗಳು ಹುಟ್ಟಿದ್ದು ಹೇಗೆ ಎಂಬುದು ಅವರ ಪ್ರಶ್ನೆ. ಸತ್ತವರನ್ನು ಕೇಳುವಂತಿಲ್ಲ, ಬದುಕಿರುವ ಹಾಡುಗಾರರನ್ನಾದರೂ ಕೇಳೋಣವೆಂದು 1933ರಿಂದ 1935ರವರೆಗೆ ಅಂದಿನ ಯುಗೋಸ್ಲಾವಿಯದ ಬೆಟ್ಟಸೀಮೆಗಳಲ್ಲಿ ತಿರುಗಿದರು. ಅಲ್ಲಿ ಗುಸ್ಲೆ ಎಂಬ ವಾದ್ಯವನ್ನು ಕಮಾನಿನಿಂದ ನುಡಿಸುತ್ತ ವೀರಗಥೆಗಳನ್ನು ಹಾಡುವವರಿದ್ದರು. ರಂಜಾನ್ ತಿಂಗಳಲ್ಲಿ ಮುಸ್ಲಿಮರು ರಾತ್ರಿಯ ಹೊತ್ತು ಕಾಫಿ ಅಂಗಡಿಗಳಲ್ಲಿ ಸೇರಿ ಈ ಹಾಡುಗಳನ್ನು ಕೇಳುತ್ತಿದ್ದರು. ಮೂವತ್ತು ರಾತ್ರಿಗೆ ಮೂವತ್ತು ಹಾಡು ಬಲ್ಲವನಿಗೆ ಅಂಗಡಿಯವನ ಮುಂದೆ ಮರ್ಯಾದೆ ಹೆಚ್ಚು. ಆಗ ಧ್ವನಿಮುದ್ರಣದ ತಟ್ಟೆ ನಾಲ್ಕಾರು ನಿಮಿಷಕ್ಕೆ ತುಂಬಿ ಹೋಗುತ್ತಿತ್ತು. ಪ್ಯಾರಿ ಎರಡು ತಿರುಗಣೆಗಳ ಯಂತ್ರವೊಂದನ್ನು ಮಾಡಿಸಿ, ಒಂದು ಅಲ್ಯೂಮಿನಿಯಂ ತಟ್ಟೆ ತುಂಬುವಷ್ಟರಲ್ಲಿ ಇನ್ನೊಂದು ಹೊರಡುವಂತೆ ಏರ್ಪಾಡು ಮಾಡಿಕೊಂಡರು. ಹಾಡು ನಡುವೆ ಕಡಿಯದಂತೆ ಮುದ್ರಿಸಲು ಸಾಧ್ಯವಾಯಿತು. ಹೀಗೆ ಸೇರಿದ ತಟ್ಟೆಗಳು 3,500ಕ್ಕೂ ಮಿಕ್ಕಿ. ಅವರು 1935ರ ಡಿಸೆಂಬರಿನಲ್ಲಿ, 33ನೆಯ ವಯಸ್ಸಿಗೇ, ತೀರಿಕೊಂಡರು. ಶಿಷ್ಯ ಆಲ್ಬರ್ಟ್ ಲಾರ್ಡ್ ಕೆಲಸವನ್ನು ಮುಂದುವರಿಸಿ 1960ರಲ್ಲಿ ಒಂದು ಗ್ರಂಥ ಬರೆದರು. ಈ ವಿಷಯದಲ್ಲಿ ಇಂದಿಗೂ ಅದನ್ನು ಓದದೆ ಮುಂದೆ ಹೋಗುವಂತಿಲ್ಲ.

ಅಲ್ಲಿ ನಡೆದ ಒಂದು ಪ್ರಯೋಗವನ್ನು ಹೇಳುತ್ತೇನೆ. ಇಂದಿನ ಮಾಂಟೆನೆಗ್ರೊದ ಬಿಯೆಲೊ ಪೊಲ್ಯೆ ಎಂಬ ಊರಿನ ಅವ್ದೊ ಮೆಜೆದೊವಿಚ್ ಎಂಬಾತ ಕಸಾಯಿ ಕೆಲಸ ಮಾಡಿದವನು. ಓದು ಬರೆಹ ಬಾರದು. 12,000 ಸಾಲಿಗೂ ಮೀರಿದ ಒಂದು ಮದುವೆಯ ಕಥೆಯನ್ನು ಪ್ಯಾರಿಗಾಗಿ ಹೇಳಿ ಬರೆಸಿದ್ದ. ಒಂದು ದಿನ ಮುಮಿನ್ ಎಂಬ ಇನ್ನೊಬ್ಬ ಹಾಡುಗಾರ ಬಂದು, ಅವ್ದೊ ಎಂದೂ ಕೇಳಿರದ ಹಾಡೊಂದನ್ನು ಹಾಡಿದ. ಅವ್ದೊ ಪಕ್ಕದಲ್ಲೇ ಕೂತು ಕೇಳುತ್ತಿದ್ದ. ಹಾಡು ಮುಗಿಯುತ್ತಲೇ ಪ್ಯಾರಿ, “ನೀನೂ ಇದನ್ನು ಹಾಡಬಲ್ಲೆಯಾ?” ಎಂದು ಕೇಳಿದರು. ಅವ್ದೊ ಮೊದಲು ಮುಮಿನನ ಹಾಡನ್ನು ಹೊಗಳಿದ, ಆಮೇಲೆ ತಾನೂ ಹಾಡಿದ. ಮುಮಿನನ ಹಾಡು 2,294 ಸಾಲು. ಅವ್ದೊನ ಬಾಯಲ್ಲಿ ಅದು 6,313 ಸಾಲಾಯಿತು! ಕಥೆಯ ಎಲುಬು ಅದೇ, ಮೈಮಾಂಸವೆಲ್ಲ ಇವನದು. ಸಭೆ ಸೇರುವುದು, ಕುದುರೆಗೆ ಜೀನು ಹಾಕುವುದು, ವೀರನ ಮನಸ್ಸಿನ ತಳಮಳ, ಇವನ್ನೆಲ್ಲ ತುಂಬಿ ತುಂಬಿ ಹಾಡಿದ.

ಒಂದೇ ಸಲ ಕೇಳಿ ಇಷ್ಟನ್ನು ಹಾಡುವುದು ಹೇಗೆ? ಕೇಳಿದ್ದು ಹೊಸದು, ಹಾಡುವ ನುಡಿ ಹೊಸದಲ್ಲ. ಅಲ್ಲಿನ ಸಾಲಿಗೆ ಹತ್ತು ಅಕ್ಷರ, ನಾಲ್ಕರ ಮೇಲೆ ಒಂದು ಚಿಕ್ಕ ನಿಲುವು. ಆ ನಾಲ್ಕಕ್ಕೂ ಮಿಕ್ಕ ಆರಕ್ಕೂ ಹೊಂದುವ ನುಡಿಕಟ್ಟುಗಳು ಸಾವಿರಗಟ್ಟಲೆ ಅವನ ನಾಲಗೆಯ ಮೇಲಿವೆ. ಬೆಳಗಾಗುವುದಕ್ಕೊಂದು, ಪತ್ರ ಬರುವುದಕ್ಕೊಂದು, ಕತ್ತಿ ಹಿರಿಯುವುದಕ್ಕೊಂದು. ನಾವು ಮಾತನಾಡುವಾಗ ವ್ಯಾಕರಣ ನೆನೆದು ಮಾತನಾಡುತ್ತೇವೆಯೆ? ಹಾಗೆಯೇ ಅವನು ಹಾಡನ್ನು ಮಾತನಾಡುತ್ತಾನೆ. ಅವನು ನೆನಪಿಟ್ಟದ್ದು ಹಾಡನ್ನಷ್ಟೇ ಅಲ್ಲ, ಹಾಡುಗಬ್ಬದ ಭಾಷೆಯನ್ನೇ.

ನೀವು ಕೇಳಬಹುದು: “ಆದರೆ ಹಾಡುವವರೇ ‘ಒಂದಕ್ಷರ ಬದಲಿಸುವುದಿಲ್ಲ’ ಎಂದು ಆಣೆ ಮಾಡುತ್ತಾರಲ್ಲ?” ನಿಜ, ಅಲ್ಲಿಯೂ ಹಾಗೆಯೇ ಹೇಳಿದರು. ನೋವಿ ಪಜಾರ್ ಎಂಬ ಊರಿನಲ್ಲಿ ಕಾಫಿ ಅಂಗಡಿ ಇಟ್ಟಿದ್ದ ದೆಮೈಲ್ ಜೋಗಿಚ್ ಎಂಬಾತ, ತಾನು ಕಲಿತ ಹಾಡನ್ನು ಇಪ್ಪತ್ತು ವರ್ಷದ ಮೇಲೆ ಕೇಳಿದರೂ ಮಾತಿಗೆ ಮಾತು ಹಾಡುವೆನೆಂದು ಪ್ಯಾರಿಯವರಿಗೆ ಭರವಸೆ ಕೊಟ್ಟಿದ್ದ. 1934ರಲ್ಲಿ ಅವನ ಹಾಡು ಮುದ್ರಣವಾಗಿತ್ತು. ಲಾರ್ಡ್ 17 ವರ್ಷದ ಮೇಲೆ, 1951ರಲ್ಲಿ, ಮತ್ತೆ ಹೋಗಿ ಅದೇ ಹಾಡನ್ನು ಹಾಡಿಸಿದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಕಥೆ ಅಚ್ಚರಿಯಾಗುವಷ್ಟು ಒಂದೇ. ಸಾಲುಗಳು ಮಾತ್ರ ಬೇರೆ. ಹಾಗೆಂದು ಜೋಗಿಚ್ ಸುಳ್ಳುಗಾರನೆ? ಅಲ್ಲ. ‘ಮಾತು’ ಎಂದರೆ ನಮಗೆ ಎರಡು ಖಾಲಿ ಜಾಗಗಳ ನಡುವೆ ಅಚ್ಚಾದ ಅಕ್ಷರಗಳ ಗುಂಪು. ಅಚ್ಚನ್ನು ಕಾಣದವನಿಗೆ ‘ಮಾತು’ ಎಂದರೆ ಹೇಳಬೇಕಾದ ಸಂಗತಿ. ನಮ್ಮಲ್ಲಿಯೂ “ಒಂದು ಮಾತು ಹೇಳಿ ಬಾ” ಎಂದು ಮಗುವನ್ನು ಕಳಿಸಿದರೆ, ಆ ಮಾತಿನಲ್ಲಿ ಪದಗಳು ಎಷ್ಟು ಎಂದು ಯಾರೂ ಎಣಿಸುವುದಿಲ್ಲ ತಾನೆ? ಜೋಗಿಚ್ ಹೇಳಿದ ಮಾತನ್ನು ಉಳಿಸಿಕೊಂಡ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಾಯಿಂದ ಬಾಯಿಗೆ ಬಂದದ್ದೆಲ್ಲ ಹೀಗೆಯೇ ಬದಲಾಗುತ್ತದೆ ಎಂದು ಪಶ್ಚಿಮದ ಕೆಲವರು ಬರೆದುಬಿಟ್ಟಿದ್ದಾರೆ. ಅವರು ನಮ್ಮ ವೇದಪಾಠಶಾಲೆಯ ಜಗಲಿಯಲ್ಲಿ ಒಂದು ಬೆಳಗ್ಗೆ ಕೂತಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಅಲ್ಲಿ ಅಕ್ಷರ ಮಾತ್ರವಲ್ಲ, ಸ್ವರವೂ ಕದಲಕೂಡದು. ಅದಕ್ಕಾಗಿ ಪದಪಾಠ, ಕ್ರಮ, ಜಟೆ, ಘನ ಎಂದು ಹೆಣೆದಿದ್ದಾರೆ. ಘನದಲ್ಲಿ ಎರಡು ಪದವನ್ನು ನೇರವಾಗಿ, ಮತ್ತೆ ಹಿಂದುಮುಂದಾಗಿ, ಮತ್ತೆ ಮೂರನ್ನು ಕೂಡಿಸಿ ನೇರವಾಗಿ, ಹಿಂದಾಗಿ, ಮತ್ತೆ ನೇರವಾಗಿ ಹೇಳುತ್ತ ಮುಂದೆ ಸಾಗುವುದು. ಹಿಂದುಮುಂದಾಗಿ ಹೇಳುವಾಗ ಅರ್ಥದ ಊರುಗೋಲು ಇಲ್ಲ. ಆದ್ದರಿಂದಲೇ ಅರ್ಥಕ್ಕೆ ಹೊಂದುವ ಬೇರೆ ಪದ ಒಳಗೆ ನುಸುಳುವ ಸಂಭವವೂ ಇಲ್ಲ. ಬದಲಾಗಬಾರದು ಎಂದು ಪಣ ತೊಟ್ಟವರು ಹೂಡಿದ ಉಪಾಯ ಅದು. ಅದಕ್ಕೆ ಗುರು ಬೇಕು, ಎಳೆಯ ವಯಸ್ಸು ಬೇಕು, ವರ್ಷಗಟ್ಟಲೆ ಬಿಡುವು ಬೇಕು. ಹೊಲದಲ್ಲಿ ಕಳೆ ಕೀಳುತ್ತ ಹಾಡುವವರಿಗೆ ಆ ಬಿಡುವೂ ಇಲ್ಲ, ಆ ಪಣವೂ ಇಲ್ಲ. ಅವರದು ಬೇರೆ ಕಸುಬು. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವುದು ಅನ್ಯಾಯ.

ಇನ್ನು ಕಲಿಯುವ ಬಗೆ. ಲಾರ್ಡ್ ಅದರಲ್ಲಿ ಮೂರು ಹಂತ ಕಂಡರು. ಮೊದಲು ಹುಡುಗ ಮೂಲೆಯಲ್ಲಿ ಕೂತು ಕೇಳುತ್ತಾನೆ, ಅಷ್ಟೆ. ಆಮೇಲೆ ದನದ ಹಿಂದೆಯೋ ಏಕಾಂತದಲ್ಲಿಯೋ ತಾನೇ ಹಾಡಿ ನೋಡುತ್ತಾನೆ, ಸಾಲು ಕುಂಟುತ್ತದೆ. ಕೊನೆಗೆ ತಿಳಿದ ಜನರ ಮುಂದೆ ಒಂದು ಹಾಡನ್ನು ಪೂರ್ತಿ ಹಾಡಿದಾಗ ಅವನು ಹಾಡುಗಾರ. ನಮ್ಮ ಕಂಸಾಳೆಯವರಲ್ಲಿ ಈ ನಡುವಿನ ಹಂತಕ್ಕೆ ಬಹಳ ಒಳ್ಳೆಯ ಏರ್ಪಾಡಿದೆ. ಮಲೆ ಮಾದೇಶ್ವರನ ದೇವರಗುಡ್ಡರು ಒಬ್ಬೊಬ್ಬರೇ ಹಾಡುವುದಿಲ್ಲ; ಮುಂದೆ ಹಾಡುವವನಿಗೆ ಹಿಮ್ಮೇಳದವರು ಇರುತ್ತಾರೆ. ಹೊಸಬ ಹಿಮ್ಮೇಳದಲ್ಲಿ ನಿಂತು ಸೊಲ್ಲು ಹಿಡಿಯುತ್ತ, ಕಂಸಾಳೆಯ ಪೆಟ್ಟು ತಪ್ಪದಂತೆ ನೋಡಿಕೊಳ್ಳುತ್ತ ವರ್ಷಗಳನ್ನು ಕಳೆಯುತ್ತಾನೆ. ಕಥೆ ತಾನಾಗಿ ಕಿವಿಗೆ ಇಳಿಯುತ್ತದೆ. ಹೊಣೆ ಮುಂದಿನವನದು, ತಪ್ಪಿದರೆ ಇವನಿಗೆ ಅವಮಾನವಿಲ್ಲ. ಕಲಿಯುವವನ ಮೇಲೆ ಭಯ ಹೇರದೆ ಕಲಿಸುವ ಈ ಕ್ರಮ ನಮ್ಮ ಶಾಲೆಗಳಿಗೆ ಇನ್ನೂ ಬಂದಿಲ್ಲ.

ಸೊಲ್ಲಿಗೆ ಇನ್ನೊಂದು ಉಪಯೋಗವುಂಟು. ಹಿಮ್ಮೇಳ ಸೊಲ್ಲು ಹಾಡುವ ಆ ಎರಡು ಉಸಿರಿನಲ್ಲಿ ಮುಂದಿನವನ ಮನಸ್ಸು ಮುಂದಿನ ಸಾಲಿಗೆ ಹೋಗಿ ಬಂದಿರುತ್ತದೆ. ತ್ರಿಪದಿ ಹಾಡುವಾಗ ಎರಡನೆಯ ಸಾಲಿನ ಒಂದು ಭಾಗವನ್ನು ಮರಳಿ ಹಾಡಿ ಮೂರನೆಯದಕ್ಕೆ ಹೋಗುವುದನ್ನು ನೀವು ಕೇಳಿದ್ದೀರಿ. ಕೇಳುವವರಿಗೆ ಅದು ಇಂಪು. ಹಾಡುವವರಿಗೆ ಅದು ಬಿಡುವು. ಕಥೆಯ ಕಟ್ಟೂ ಸಹಾಯಕ್ಕೆ ಬರುತ್ತದೆ. ಮಾದೇಶ್ವರನ ಕಾವ್ಯದ ಒಂದೊಂದು ‘ಸಾಲು’ ಒಂದೊಂದು ಕಥೆ. ದೇವರು ವೇಷ ಮರೆಸಿ ಬಾಗಿಲಿಗೆ ಬರುವುದು, ಸಿರಿವಂತರು ಕಡೆಗಣಿಸುವುದು, ಕಷ್ಟ ಬೀಳುವುದು, ಶರಣಾಗುವುದು, ಈ ನಡೆ ಹಲವು ಸಾಲುಗಳಲ್ಲಿ ಮರಳಿ ಬರುತ್ತದೆ. ಒಂದನ್ನು ಚೆನ್ನಾಗಿ ಕಲಿತವನಿಗೆ ಇನ್ನೊಂದರ ದಾರಿ ಅರ್ಧ ತಿಳಿದ ಹಾಗೆಯೇ.

ಪ್ರಾಸದ ವಿಷಯ ಇನ್ನೂ ಸ್ವಾರಸ್ಯವಾದದ್ದು. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ರೂಬಿನ್ 1995ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ಬಿಡಿಸಿ ತೋರಿಸಿದ್ದಾರೆ. ಅವರ ಇಂಗ್ಲಿಷ್ ಉದಾಹರಣೆ ನಮಗೆ ಒಗ್ಗುವುದಿಲ್ಲ. ನಮ್ಮದೇ ಒಂದನ್ನು ಮಾಡಿಕೊಳ್ಳೋಣ. “ಬೆಳಕು ಕೊಡುವ ಒಂದು ವಸ್ತುವನ್ನು ಹೇಳಿ” ಎಂದರೆ ಒಬ್ಬರು ಸೂರ್ಯ ಎನ್ನುತ್ತೀರಿ, ಒಬ್ಬರು ಚಂದ್ರ, ಒಬ್ಬರು ಪಂಜು. “ಕೋಪ ಎಂಬುದಕ್ಕೆ ಪ್ರಾಸ ಹೇಳಿ” ಎಂದರೆ ತಾಪ, ಶಾಪ, ಲೋಪ, ರೂಪ, ಏನಾದರೂ ಬರಬಹುದು. “ಬೆಳಕು ಕೊಡುವಂಥದು, ಕೋಪಕ್ಕೆ ಪ್ರಾಸವಾಗುವಂಥದು” ಎಂದರೆ? ಎಲ್ಲರ ಬಾಯಲ್ಲೂ ಒಂದೇ ಮಾತು, ದೀಪ. ಅರ್ಥವೊಂದೇ ಇದ್ದರೆ ಹತ್ತು ದಾರಿ, ಪ್ರಾಸವೊಂದೇ ಇದ್ದರೆ ಹತ್ತು ದಾರಿ, ಎರಡೂ ಕೂಡಿದ ಕಡೆ ಒಂದೇ ದಾರಿ. ಇದಕ್ಕೆ ತಾಳ, ರಾಗ, ಕಣ್ಣಿಗೆ ಕಟ್ಟುವ ಚಿತ್ರ ಇವೂ ಸೇರಿದರೆ ಮರೆಯಬೇಕೆಂದರೂ ಸುಲಭವಲ್ಲ. ಪ್ರಾಸವನ್ನು ಕಾವ್ಯದ ಒಡವೆ ಎಂದು ನಮ್ಮ ಪಂಡಿತರು ವಾದಿಸಿದರು. ಹಾಡುವವರಿಗೆ ಅದು ಒಡವೆಯಲ್ಲ, ಬಾವಿಯ ಹಗ್ಗ.

ಈ ಕಟ್ಟುಗಳಾವುವೂ ಇಲ್ಲದ ಬರಿಯ ಗದ್ಯದ ಕಥೆಯ ಗತಿ ಏನು? ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ 1932ರ ತಮ್ಮ ಗ್ರಂಥದಲ್ಲಿ ಅದನ್ನು ತೋರಿಸಿದರು. ಉತ್ತರ ಅಮೆರಿಕದ ಆದಿವಾಸಿಗಳ ಕಥೆಯೊಂದು: ಇಬ್ಬರು ತರುಣರು ಸೀಲ್ ಬೇಟೆಗೆ ಹೋದದ್ದು, ದೋಣಿಯಲ್ಲಿ ಬಂದವರು ಕಾಳಗಕ್ಕೆ ಕರೆದದ್ದು, ಅವರು ಪ್ರೇತಗಳೆಂದು ತಿಳಿದದ್ದು. ಇದನ್ನು ಇಂಗ್ಲಿಷ್ ವಿದ್ಯಾವಂತರಿಗೆ ಓದಲು ಕೊಟ್ಟು, ಹೊತ್ತು ಬಿಟ್ಟು ಬರೆಯಿರಿ ಎಂದರು. ಕಥೆ ಚಿಕ್ಕದಾಯಿತು, ಆದಿವಾಸಿಗಳ ಹರಿಗೋಲು ಬರಿಯ ದೋಣಿಯಾಯಿತು, ಬೇಟೆ ಮೀನು ಹಿಡಿಯುವುದಾಯಿತು, ಕೆಲವರಲ್ಲಿ ಪ್ರೇತಗಳೇ ಮಾಯವಾದುವು. ತಮಗೆ ಒಗ್ಗದ್ದನ್ನು ಒಗ್ಗುವಂತೆ ತಿರುಚಿಕೊಂಡರು, ಅದೂ ತಿಳಿಯದೆಯೆ. ನೆನಪು ಎಂದರೆ ಪೆಟ್ಟಿಗೆಯಿಂದ ತೆಗೆಯುವುದಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುವುದು ಎಂಬುದು ಬಾರ್ಟ್ಲೆಟ್ಟರ ತೀರ್ಮಾನ. ಒಳ್ಳೆಯ ಮಾತು. ಆದರೆ ಆ ಪ್ರೇತಗಳನ್ನು ನಂಬುವ ಊರಿನಲ್ಲಿ ಇದೇ ಪರೀಕ್ಷೆ ನಡೆದಿದ್ದರೆ ಪ್ರೇತಗಳು ಖಂಡಿತ ಉಳಿಯುತ್ತಿದ್ದುವು ಎಂದು ನನ್ನ ಎಣಿಕೆ. ಕಥೆ ಹೇಳುವವನಿಗೆ ತಲೆ ಎಷ್ಟು ಮುಖ್ಯವೋ ಕೇಳುವ ಊರೂ ಅಷ್ಟೇ ಮುಖ್ಯ.

ಊರು ಮಾತ್ರವಲ್ಲ, ಕೈಯೂ ಬೇಕು. ಜನಪದ ಗೀತೆ ಸಂಗ್ರಹಿಸಿದ ಯಾರನ್ನು ಕೇಳಿದರೂ ಒಂದು ಅನುಭವ ಹೇಳುತ್ತಾರೆ. ಅಜ್ಜಿಯನ್ನು ಕುರ್ಚಿಯ ಮೇಲೆ ಕೂರಿಸಿ, “ಬೀಸುವ ಪದ ಹೇಳಜ್ಜಿ, ಬರೆದುಕೊಳ್ಳುತ್ತೇನೆ” ಎಂದರೆ ಎರಡು ಪದಕ್ಕೆ ನಿಲ್ಲುತ್ತಾಳೆ. “ಮರೆತುಹೋಯ್ತು ಕಣಪ್ಪ” ಎನ್ನುತ್ತಾಳೆ. ಬೀಸುಕಲ್ಲಿನ ಮುಂದೆ ಕೂರಿಸಿ ಗೂಟ ಕೈಗೆ ಕೊಟ್ಟರೆ, ಒಂದು ಹಿಡಿ ರಾಗಿ ಹಾಕುವಷ್ಟರಲ್ಲಿ ಪದ ಹರಿದು ಬರುತ್ತದೆ. ಯುಗೋಸ್ಲಾವಿಯದಲ್ಲಿಯೂ ಗುಸ್ಲೆ ಕೈಯಲ್ಲಿಲ್ಲದೆ ಹೇಳಿ ಬರೆಸುವಾಗ ಅನೇಕರ ಸಾಲು ಮುರಿದು ಗದ್ಯವಾಗುತ್ತಿತ್ತೆಂದು ಲಾರ್ಡ್ ಬರೆದಿದ್ದಾರೆ. ನೀರಿನಲ್ಲಿ ಮುಳುಗಿ ಕಲಿತ ಪದಗಳು ನೀರಿನಲ್ಲಿಯೇ ಹೆಚ್ಚು ನೆನಪಾಗುತ್ತವೆ ಎಂದು 1975ರಲ್ಲಿ ಗಾಡೆನ್ ಮತ್ತು ಬ್ಯಾಡ್ಲಿ ಎಂಬವರು ಮುಳುಗುಗಾರರ ಮೇಲೆ ಮಾಡಿದ ಪ್ರಯೋಗವನ್ನು ಇಲ್ಲಿ ಉದಾಹರಿಸುವುದುಂಟು. 2021ರಲ್ಲಿ ಅದನ್ನು ಮತ್ತೆ ಮಾಡಿ ನೋಡಿದಾಗ ಫಲ ಹಾಗೆ ಬರಲಿಲ್ಲ. ಆದ್ದರಿಂದ ಅದರ ಮೇಲೆ ಹೆಚ್ಚು ಭಾರ ಹೇರುವುದು ಬೇಡ. ಬಿಡಿಬಿಡಿ ಪದಗಳ ಪಟ್ಟಿ ಒಂದು. ಕೈಯ ಸುತ್ತಿಗೆ ಹೊಂದಿಕೊಂಡು ಹುಟ್ಟಿದ ಹಾಡು ಇನ್ನೊಂದು. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಹೆಂಗಸರ ರಟ್ಟೆಗೆ ಸುಖವಾಯಿತು, ಆಗಬೇಕಾದ್ದೇ. ಆದರೆ ದಿನ ಬೆಳಗಾದರೆ ಹಾಡನ್ನು ಎಬ್ಬಿಸುತ್ತಿದ್ದ ಕೈ ಸುಮ್ಮನಾಯಿತು. ಹಾಡು ತಲೆಯಿಂದ ಅಳಿಸಿಹೋಗಲಿಲ್ಲ. ಅದನ್ನು ಕರೆಯುವವರು ಇಲ್ಲವಾದರು.

ನನಗೆ ಚಿಂತೆಯ ವಿಷಯ ಬೇರೊಂದಿದೆ. ಈಗ ಶಾಲೆಗಳಲ್ಲಿ, ಯುವಜನ ಮೇಳಗಳಲ್ಲಿ ಜನಪದ ಗೀತೆಗಳ ಸ್ಪರ್ಧೆ ನಡೆಯುತ್ತದೆ. ಸಂತೋಷ. ಮಕ್ಕಳು ಮೊಬೈಲಿನಲ್ಲಿ ಬಂದ ಒಂದು ಮುದ್ರಣವನ್ನು ಇಟ್ಟುಕೊಂಡು, ಗಾಯಕ ಉಸಿರು ತೆಗೆದುಕೊಂಡ ಕಡೆಯೇ ತಾವೂ ಉಸಿರು ತೆಗೆದುಕೊಂಡು ಹಾಡುತ್ತಾರೆ. ಹಾಡು ಉಳಿಯಿತು ಎನ್ನಿ. ಆದರೆ ಆ ಮಗುವಿಗೆ ಒಂದು ಸಾಲು ಮರೆತರೆ ಹಾಡೇ ನಿಂತುಹೋಗುತ್ತದೆ. ಅದರ ಅಜ್ಜಿಗಾದರೆ ಒಂದು ಸಾಲು ಮರೆತರೆ ಇನ್ನೊಂದು ಸಾಲು ಹುಟ್ಟುತ್ತಿತ್ತು. ಇದಕ್ಕಿಂತ ನೋವಿನ ಸಂಗತಿ ಮನೆಗಳಲ್ಲಿ ನಡೆಯುತ್ತದೆ. ಮದುವೆಮನೆಯಲ್ಲಿ ಅಜ್ಜಿ ಸೋಬಾನೆ ಎತ್ತುತ್ತಾಳೆ. ಓದಿದ ಮೊಮ್ಮಗಳು, “ಅಜ್ಜಿ, ಪುಸ್ತಕದಲ್ಲಿ ಹಾಗಿಲ್ಲ, ಹೀಗಿದೆ” ಎನ್ನುತ್ತಾಳೆ. ಅಜ್ಜಿ ನಾಚಿ, “ಇರಬಹುದು ತಾಯಿ, ನಾವು ಓದಿದವರಲ್ಲ” ಎಂದು ಬಾಯಿ ಮುಚ್ಚುತ್ತಾಳೆ. ಆಮೇಲೆ ಎತ್ತುವುದೇ ಇಲ್ಲ. ಆ ಪುಸ್ತಕದ ಪಾಠ ಎಲ್ಲಿಂದ ಬಂತು? ಯಾವುದೋ ಊರಿನ ಇಂಥದೇ ಒಬ್ಬ ಅಜ್ಜಿ ಯಾವುದೋ ಒಂದು ಮಧ್ಯಾಹ್ನ ಹಾಡಿದ್ದು. ಮರುದಿನ ಕೇಳಿದ್ದರೆ ಆಕೆಯೇ ಬೇರೆ ಹಾಡುತ್ತಿದ್ದಳು.

ನಿಮ್ಮ ಮನೆಯಲ್ಲಿ ಹಾಡುವ ಹಿರಿಯರಿದ್ದರೆ ಅವರ ಹಾಡನ್ನು ಹಿಡಿದಿಡುವುದು ಈಗ ಕಷ್ಟವಲ್ಲ. ಪ್ಯಾರಿಯವರ ಎರಡು ತಿರುಗಣೆಯ ಯಂತ್ರ ಬೇಕಿಲ್ಲ, ಜೇಬಿನಲ್ಲಿರುವ ಮೊಬೈಲ್ ಸಾಕು. “ಹಾಡು ಹೇಳಿ” ಎಂದು ಎದುರಿಗೆ ಕೂರಿಸಬೇಡಿ. ಒನಕೆಯೋ ಮೊರವೋ ತೊಟ್ಟಿಲೋ, ಆ ಹಾಡಿಗೆ ಯಾವುದು ಬೇಕೋ ಅದನ್ನು ಒದಗಿಸಿ. ಸೊಲ್ಲು ಹಿಡಿಯಲು ಆಕೆಯ ಓರಗೆಯವರೊಬ್ಬರನ್ನು ಕರೆಯಿರಿ. ನಡುವೆ ತಡವರಿಸಿದರೆ ಮಾತು ಎತ್ತಿಕೊಡಲು ಹೋಗಬೇಡಿ, ಸ್ವಲ್ಪ ತಾಳಿ. ಎಷ್ಟು ಹೊತ್ತು ಎಂದು ಹೇಳಲೇಬೇಡಿ. ಒಂದೆರಡು ತಿಂಗಳ ಮೇಲೆ, ಬೇರೆ ಜನ ಸೇರಿದ ದಿನ, ಅದೇ ಹಾಡನ್ನು ಇನ್ನೊಮ್ಮೆ ಹಾಡಿಸಿ. ಎರಡನೆಯ ಸಲ ಬೇರೆಯಾಗಿ ಬಂದರೆ ಮೊದಲನೆಯದನ್ನು ಅಳಿಸಬೇಡಿ. ಎರಡನ್ನೂ ತಾರೀಖು ಹಾಕಿ ಇಟ್ಟುಕೊಳ್ಳಿ.